ಪರದೇಶದ ಅಂಗಳದಲ್ಲಿ

ಆಟವಾಡಿ ಹೊಟ್ಟೆ ಹೊರೆದುಕೊಳ್ಳುವುದೆಂದರೆ ನಮ್ಮ ಹಿರಿಯರ ಪಾಲಿಗೆ ಅದೊಂದು ನಗೆಯ ಮಾತಾಗಿತ್ತು. ಗರಡಿಯ ಪೈಲ್ವಾನನಿಗೆ ಅರಮನೆಯ ಆಶ್ರಯ ದೊರೆತರೂ ದೊರೆಯಬಹುದು; ಚೆಂಡಿನ ಹಿಂದೆ ಓಡುವ ಹುಡುಗನಿಗೆ ಅನ್ನ ಹಾಕುವವರು ಯಾರು? ನಾನು ವಿದ್ಯಾರ್ಥಿನಿಲಯದಲ್ಲಿದ್ದ ಕಾಲಕ್ಕೆ ಹಿತ್ತಲಿನ ಮಣ್ಣಂಗಳದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕಂಬವಿತ್ತು. ಹಲಗೆಗೆ ಜಡಿದ ಕಬ್ಬಿಣದ ಬಳೆ, ಅದಕ್ಕೆ ಬಲೆಯಿಲ್ಲ. ಬಲೆಯಿಲ್ಲದ ಬಳೆಯಲ್ಲಿ ಚೆಂಡು ಒಳಗೆ ಇಳಿಯಿತೋ ಅಂಚಿನ ಪಕ್ಕದಿಂದ ಹಾದುಹೋಯಿತೋ ದೂರದಿಂದ ತಿಳಿಯುವುದಿಲ್ಲ. ಹೀಗಾಗಿ ನಾವು ಆಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಆ ಅಂಗಳದಿಂದ ನಾನು ಕಲಿತುಬಂದದ್ದು ಒಂದೇ: ಇಪ್ಪತ್ತು ಅಡಿ ದೂರದಿಂದ ಚೆಂಡನ್ನು ಆ ಬಳೆಯೊಳಕ್ಕೆ ಹಾಕುವುದು ಎಷ್ಟು ಕಷ್ಟದ ಕೆಲಸ ಎಂಬ ಅರಿವು. ಆ ಅರಿವೇ ಇಲ್ಲದಿದ್ದರೆ ಮುಂದೆ ನಾನು ಹೇಳಹೊರಟಿರುವ ಮನುಷ್ಯನ ವಿಷಯದಲ್ಲಿ ನನಗೆ ಇಷ್ಟು ಆಸಕ್ತಿ ಹುಟ್ಟುತ್ತಿರಲಿಲ್ಲ.

೧೯೯೩ರ ಜೂನ್ ತಿಂಗಳು. ಶಾಲೆಗಳು ಆಗತಾನೆ ತೆರೆದಿದ್ದವು. ನಾನು ಆಗ ಪ್ರೌಢಶಾಲೆಯ ಹುಡುಗರಿಗೆ ಭೂಗೋಳ ಹೇಳುತ್ತಿದ್ದೆ. ಉಪಾಧ್ಯಾಯರ ಕೊಠಡಿಯಲ್ಲಿ ಪತ್ರಿಕೆಯ ಕ್ರೀಡಾಪುಟವನ್ನು ತಿರುವಿಹಾಕುತ್ತಿದ್ದಾಗ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಕಂಡಿತು. ಡ್ರಾಜೆನ್ ಪೆಟ್ರೊವಿಚ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನು ಜರ್ಮನಿಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಮಡಿದನಂತೆ, ವಯಸ್ಸು ಇಪ್ಪತ್ತೆಂಟು. ಹುಟ್ಟಿದ್ದು ಯೂಗೋಸ್ಲಾವಿಯದಲ್ಲಿ, ಆಡುತ್ತಿದ್ದುದು ಕ್ರೊಯೇಷಿಯದ ಪರವಾಗಿ, ಉದ್ಯೋಗ ಅಮೆರಿಕಾದಲ್ಲಿ, ಹಿಂತಿರುಗುತ್ತಿದ್ದುದು ಪೋಲೆಂಡಿನಿಂದ, ಸತ್ತದ್ದು ಜರ್ಮನಿಯಲ್ಲಿ. ಅಷ್ಟು ಚಿಕ್ಕ ಸುದ್ದಿಯಲ್ಲಿ ಐದು ದೇಶಗಳು. ಎದುರಿನ ಗೋಡೆಯ ಮೇಲೆ ತೂಗುತ್ತಿದ್ದ ಯುರೋಪಿನ ಭೂಪಟದಲ್ಲಿ ಯೂಗೋಸ್ಲಾವಿಯ ಒಂದೇ ಬಣ್ಣದಲ್ಲಿ ಇನ್ನೂ ಅಖಂಡವಾಗಿಯೇ ಇತ್ತು; ಕ್ರೊಯೇಷಿಯ ಎಂಬ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸತ್ತವನ ದೇಶವನ್ನು ತೋರಿಸಲಾರದ ಆ ಪಟದೆದುರು ನಿಂತು ನಾನು ಸ್ವಲ್ಪ ಹೊತ್ತು ಪೆಚ್ಚಾದೆ. ಆ ಮನುಷ್ಯನ ಬಗೆಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಅಂದಿನಿಂದ ಅಂಟಿಕೊಂಡಿತು.

ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲೆ, ಕಲ್ಲಿನ ಕೋಟೆಗಳ ಕೆಳಗೆ ಮಲಗಿರುವ ಹಳೆಯ ರೇವುಪಟ್ಟಣ ಷಿಬೆನಿಕ್. ೧೯೬೪ರ ಅಕ್ಟೋಬರ್ ೨೨ರಂದು ಅಲ್ಲಿ ಡ್ರಾಜೆನ್ ಹುಟ್ಟಿದನು. ತಂದೆ ಪೊಲೀಸ್ ಇಲಾಖೆಯ ಅಧಿಕಾರಿ. ತಾಯಿ ಬಿಸೆರ್ಕಾ ಪುಸ್ತಕಭಂಡಾರದಲ್ಲಿ ಕೆಲಸ ಮಾಡುತ್ತಿದ್ದವರು. ತಂದೆಯದು ಸರ್ಬ್ ಮೂಲ, ತಾಯಿಯದು ಕ್ರೊಯಾಟ್ ಮೂಲ. ಆಗಿನ ಕಾಲಕ್ಕೆ ಇದು ವಿಶೇಷವಾದ ಸಂಗತಿಯೇನೂ ಅಲ್ಲ. ಅಂಥ ಮನೆಗಳು ಆ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಅದು ವಿಶೇಷವಾದದ್ದು ಆಮೇಲೆ.

ಐದು ವರ್ಷ ದೊಡ್ಡವನಾದ ಅಣ್ಣ ಅಲೆಕ್ಸಾಂಡರ್ ಮೊದಲೇ ಚೆಂಡು ಹಿಡಿದಿದ್ದನು. ತಮ್ಮನಿಗೆ ಅಣ್ಣನೇ ಆದರ್ಶ. ಅಣ್ಣ ಹೋದಲ್ಲಿಗೆ ತಮ್ಮ. ಆದರೆ ಅಣ್ಣನಿಗೆ ಹುಟ್ಟಿನಿಂದ ಬಂದಿದ್ದ ಕೈಚಳಕ ತಮ್ಮನಿಗೆ ಅಷ್ಟಾಗಿ ಇರಲಿಲ್ಲವೆಂದು ಅವರಿಬ್ಬರನ್ನೂ ಬಲ್ಲವರು ಹೇಳುತ್ತಾರೆ. ತಮ್ಮನಿಗೆ ಇದ್ದದ್ದು ಹಟ. ಬೆಳಗಿನ ಜಾವ, ಊರಿಗೆ ಇನ್ನೂ ನಿದ್ದೆ ಹರಿಯದಿರುವಾಗ, ಎದ್ದು ಆಟದ ಮನೆಗೆ ಹೋಗುವನು. ಅದರ ಬೀಗದ ಕೈಯನ್ನು ಅವನ ವಶಕ್ಕೇ ಕೊಟ್ಟಿದ್ದರು. ಒಬ್ಬನೇ ನೂರಾರು ಸಲ ಚೆಂಡೆಸೆದು, ಆಮೇಲೆ ಶಾಲೆಗೆ; ಸಂಜೆ ಮತ್ತೆ ಅಲ್ಲಿಗೆ. ಐನೂರು ಎಸೆತ ಬುಟ್ಟಿಗೆ ಬೀಳುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲವೆಂಬುದು ಅವನ ವಿಷಯದಲ್ಲಿ ಪ್ರಚಲಿತವಾದ ಮಾತು. ಐನೂರೇ ಇರಲಿ, ಮುನ್ನೂರೇ ಇರಲಿ. ಬೆಳಗಿನ ಆ ಕತ್ತಲೆಯಲ್ಲಿ ಖಾಲಿ ಕೊಠಡಿಯೊಂದರಲ್ಲಿ ಚೆಂಡು ನೆಲಕ್ಕೆ ಬಡಿಯುವ ಸದ್ದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ನಮ್ಮಲ್ಲಿ ಸಂಗೀತ ಕಲಿಯುವ ಹುಡುಗರು ಬೆಳಗಿನ ಜಾವ ಎದ್ದು ಸರಳೆ ವರಸೆ ಸಾಧನೆ ಮಾಡುವುದಿಲ್ಲವೆ, ಹಾಗೆ.

ಹದಿನೈದನೆಯ ವಯಸ್ಸಿಗೆ ಊರಿನ ತಂಡವಾದ ಷಿಬೆಂಕಾದ ಹಿರಿಯರ ಪಂಕ್ತಿಯಲ್ಲಿ ಅವನಿಗೆ ಸ್ಥಾನ ದೊರೆಯಿತು. ಈ ಸಣ್ಣ ಪಟ್ಟಣದ ತಂಡ ೧೯೮೨ ಮತ್ತು ೧೯೮೩ರಲ್ಲಿ ಎರಡು ಬಾರಿ ಯುರೋಪಿನ ಕೋರಾಚ್ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿತು. ಎರಡು ಬಾರಿಯೂ ಫ್ರಾನ್ಸಿನ ಲಿಮೋಜ್ ತಂಡದೆದುರು ಸೋತಿತು. ಆದರೆ ಷಿಬೆನಿಕ್ಕಿನ ಹಿರಿಯರು ಇಂದಿಗೂ ಮರೆಯದಿರುವುದು ಆ ಸೋಲುಗಳನ್ನಲ್ಲ, ಒಂದು ಗೆಲುವನ್ನು. ಇದ್ದೂ ಇಲ್ಲವಾದ ಗೆಲುವನ್ನು.

೧೯೮೩ರ ಏಪ್ರಿಲ್ ೯. ಯೂಗೋಸ್ಲಾವಿಯದ ರಾಷ್ಟ್ರೀಯ ಪ್ರಶಸ್ತಿಯ ನಿರ್ಣಾಯಕ ಪಂದ್ಯ, ಷಿಬೆನಿಕ್ಕಿನಲ್ಲಿಯೇ. ಎದುರಾಳಿ ಸಾರಾಯೆವೊ ನಗರದ ಬೋಸ್ನಾ ತಂಡ. ಕಾಲಾವಧಿ ಮುಗಿಯುವ ಗಳಿಗೆಯಲ್ಲಿ ಬೋಸ್ನಾ ಒಂದು ಅಂಕದಿಂದ ಮುಂದಿತ್ತು. ಆಗ ತೀರ್ಪುಗಾರನು ಸೀಟಿ ಊದಿ, ಪೆಟ್ರೊವಿಚ್ಚನ ಮೇಲೆ ಎದುರಾಳಿಯು ತಪ್ಪೆಸಗಿದನೆಂದು ತೀರ್ಪಿತ್ತು ಎರಡು ಫ್ರೀ ಥ್ರೋಗಳನ್ನು ಕೊಟ್ಟನು. ಹದಿನೆಂಟು ವಯಸ್ಸಿನ ಹುಡುಗ ಗೆರೆಯ ಮೇಲೆ ಬಂದು ನಿಂತನು. ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಎರಡು ಎಸೆತವೂ ಬುಟ್ಟಿಗೆ ಬಿದ್ದವು. ಅಂದಿನ ರಾತ್ರಿ ಷಿಬೆನಿಕ್ಕಿನಲ್ಲಿ ಯಾರೂ ಮಲಗಲಿಲ್ಲ. ಬೆಳಗಾದ ಮೇಲೆ ಒಕ್ಕೂಟದ ಆದೇಶ ಬಂದಿತು: ತೀರ್ಪುಗಾರನು ಕ್ರಮ ತಪ್ಪಿದ್ದಾನೆ, ಪಂದ್ಯ ರದ್ದು, ನೋವಿ ಸಾಡ್ ನಗರದಲ್ಲಿ ಮತ್ತೊಮ್ಮೆ ಆಡತಕ್ಕದ್ದು. ಷಿಬೆಂಕಾ ಆಡಲೊಪ್ಪಲಿಲ್ಲ. ಪ್ರಶಸ್ತಿ ಬೋಸ್ನಾದ ಪಾಲಾಯಿತು.

ತೀರ್ಪುಗಾರನದು ತಪ್ಪೋ ಒಕ್ಕೂಟದ್ದು ತಪ್ಪೋ ಎಂಬ ವಾದಕ್ಕೆ ನಾನು ಹೋಗಲಾರೆ. ನಮ್ಮ ಬಲೆಯಿಲ್ಲದ ಬಳೆಯ ಜಗಳಗಳೇ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಆ ಎರಡು ಎಸೆತಗಳು ಬುಟ್ಟಿಗೆ ಬಿದ್ದದ್ದಂತೂ ನಿಜ. ಬೀಳಬೇಕಾದದ್ದು ಬಿದ್ದರೂ ಅದು ಲೆಕ್ಕಕ್ಕೆ ಬಾರದೆ ಹೋಗಬಹುದೆಂಬುದನ್ನು ಆ ಹುಡುಗ ಅಷ್ಟು ಬೇಗ ಕಲಿಯಬೇಕಾಯಿತು.

ಒಂದು ವರ್ಷ ಸೈನ್ಯದ ಕಡ್ಡಾಯ ಸೇವೆ ಮುಗಿಸಿ ೧೯೮೪ರಲ್ಲಿ ಪೆಟ್ರೊವಿಚ್ ಜಾಗ್ರೆಬ್ ನಗರದ ಸಿಬೋನಾ ತಂಡವನ್ನು ಸೇರಿದನು. ಅಣ್ಣನೂ ಅದೇ ತಂಡದಲ್ಲಿದ್ದನು. ಮುಂದಿನ ನಾಲ್ಕು ವರ್ಷಗಳ ಯಶಸ್ಸನ್ನು ನಾನು ವಿಸ್ತರಿಸಹೋಗುವುದಿಲ್ಲ. ಗೆಲುವಿನ ಪಟ್ಟಿಗಳು ಓದಲು ಬೇಸರ. ೧೯೮೫ರಲ್ಲಿ ಅಥೆನ್ಸಿನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಸಿಬೋನಾ ಯುರೋಪಿನ ಚಾಂಪಿಯನ್ ಆಯಿತು; ಅಂದು ಅವನದು ೩೬ ಅಂಕ. ಮರುವರ್ಷ ಬುಡಾಪೆಸ್ಟಿನಲ್ಲಿ ಲಿಥುವೇನಿಯದ ದೈತ್ಯ ಸಾಬೊನಿಸನಿದ್ದ ಜಾಲ್ಗಿರಿಸ್ ತಂಡವನ್ನು ಸೋಲಿಸಿ ಮತ್ತೊಮ್ಮೆ. ಲ್ಯುಬ್ಲ್ಯಾನಾದ ತಂಡದೆದುರು ಒಂದೇ ಪಂದ್ಯದಲ್ಲಿ ೧೧೨ ಅಂಕ ಗಳಿಸಿದ್ದೂ ಆ ಕಾಲದಲ್ಲಿಯೇ. ಅಂದು ಎದುರಾಳಿ ತಂಡದವರು ಆಟಗಾರರ ನೋಂದಣಿಯ ತೊಡಕಿನಿಂದಾಗಿ ಎಳೆಯ ಹುಡುಗರನ್ನು ಕಣಕ್ಕಿಳಿಸಿದ್ದರು ಎಂಬುದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಿದರೆ ಆಗುವ ನಷ್ಟವೇನೂ ಇಲ್ಲ.

ಅವನ ಆಟದಲ್ಲಿ ವಿನಯವಿರಲಿಲ್ಲ. ಬುಟ್ಟಿಗೆ ಚೆಂಡು ಬಿದ್ದೊಡನೆ ಎರಡೂ ತೋಳುಗಳನ್ನು ರೆಕ್ಕೆಯಂತೆ ಹರಡಿ ಓಡುವನು, ಎದುರಾಳಿಗಳನ್ನು ಅಣಕಿಸುವನು, ನಾಲಿಗೆ ಹೊರಚಾಚುವನು. ಯುರೋಪಿನ ಅರ್ಧದಷ್ಟು ನಗರಗಳಲ್ಲಿ ಅವನನ್ನು ಕಂಡರೆ ಜನ ಉರಿದುಬೀಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಉರಿದವರು ಮ್ಯಾಡ್ರಿಡ್ಡಿನವರು. ಮತ್ತೆ ಮತ್ತೆ ಸೋತವರು ಅವರೇ ತಾನೆ. ಸ್ವಾರಸ್ಯವೇನೆಂದರೆ, ಕಡೆಗೆ ಅವನನ್ನು ಹಣ ಕೊಟ್ಟು ಕೊಂಡವರೂ ಅವರೇ.

ಇಲ್ಲಿಂದ ಅವನ ಪರದೇಶವಾಸ ಪ್ರಾರಂಭವಾಗುತ್ತದೆ. ಆಟಗಾರನು ಇಪ್ಪತ್ತೆಂಟು ವರ್ಷ ತುಂಬುವವರೆಗೆ ಹೊರದೇಶದ ತಂಡವನ್ನು ಸೇರಕೂಡದೆಂಬ ಕಟ್ಟಳೆ ಯೂಗೋಸ್ಲಾವಿಯದಲ್ಲಿತ್ತು. ಪೆಟ್ರೊವಿಚ್ಚನಿಗಾಗಿ ಅದನ್ನು ಸಡಿಲಿಸಿ ೧೯೮೮ರಲ್ಲಿ ಅವನನ್ನು ಸ್ಪೇನಿಗೆ ಹೋಗಗೊಟ್ಟರು. ಮ್ಯಾಡ್ರಿಡ್ಡಿನಲ್ಲಿ ಅವನು ಆಡಿದ್ದು ಒಂದೇ ಋತು. ೧೯೮೯ರ ಮಾರ್ಚಿಯಲ್ಲಿ ಅಥೆನ್ಸಿನಲ್ಲಿ ಇಟಲಿಯ ಕಸೆರ್ಟಾ ತಂಡದೆದುರು ಕಪ್ ವಿಜೇತರ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ತಂಡದಲ್ಲಿ ಬ್ರೆಜಿಲ್ ದೇಶದ ಆಸ್ಕರ್ ಷ್ಮಿಟ್. ಅವನೂ ಪರದೇಶದಲ್ಲಿ ಆಡಿ ಬದುಕುತ್ತಿದ್ದವನೇ. ಆಸ್ಕರ್ ೪೪ ಅಂಕ ಗಳಿಸಿದನು, ಪೆಟ್ರೊವಿಚ್ ೬೨. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಮ್ಯಾಡ್ರಿಡ್ ೧೧೭–೧೧೩ರಿಂದ ಗೆದ್ದಿತು. ಗೆದ್ದ ತಂಡದಲ್ಲಿ ಎಲ್ಲರಿಗೂ ಅಷ್ಟೇ ಸಂತೋಷವಾಯಿತೆಂದು ಹೇಳಲಾಗದು. ಒಬ್ಬನೇ ೬೨ ಅಂಕ ಗಳಿಸಬೇಕಾದರೆ ಮಿಕ್ಕವರು ಚೆಂಡಿಗಾಗಿ ಕಾಯುತ್ತ ನಿಂತಿರಬೇಕಷ್ಟೆ.

ಆ ತಂಡದಲ್ಲಿ ಫರ್ನಾಂಡೊ ಮಾರ್ಟಿನ್ ಎಂಬ ಹೆಸರಾಂತ ಆಟಗಾರನಿದ್ದನು. ೧೯೮೬ರಲ್ಲಿ ಅಮೆರಿಕಾದ ಎನ್‌ಬಿಎ ಪಂದ್ಯಾವಳಿಗೆ ಹೋದ ಮೊದಲ ಸ್ಪೇನಿಗ ಅವನು. ಹೋದದ್ದು ಪೋರ್ಟ್‌ಲ್ಯಾಂಡ್ ತಂಡಕ್ಕೆ. ಅಲ್ಲಿ ಆಡಲು ಸಿಕ್ಕಿದ್ದು ಕೇವಲ ೨೪ ಪಂದ್ಯಗಳಲ್ಲಿ. ಉಳಿದ ದಿನವೆಲ್ಲ ಬೆಂಚು ಕಾದು ಒಂದೇ ವರ್ಷಕ್ಕೆ ಮನೆಗೆ ಮರಳಿದ್ದನು. ಅದಕ್ಕಾಗಿ ಅವನು ತೆತ್ತ ಬೆಲೆಯೂ ಕಡಿಮೆಯಲ್ಲ. ಅಮೆರಿಕಾದ ವೃತ್ತಿತಂಡದಲ್ಲಿ ಆಡಿದವನು ತನ್ನ ದೇಶದ ಪರವಾಗಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡಕೂಡದೆಂಬ ನಿಯಮ ಆಗ ಇತ್ತು. ೧೯೮೯ರ ಏಪ್ರಿಲಿನಲ್ಲಿ ಮ್ಯೂನಿಕ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಮಹಾಸಭೆ ಆ ನಿಯಮವನ್ನು ತೆಗೆದುಹಾಕಿತು. ಕೂಲಿ ಪಡೆದು ಆಡುವವನೂ ಸ್ವದೇಶದ ಅಂಗಿ ತೊಡಬಹುದು ಎಂದಾಯಿತು. ಆ ಬೇಸಗೆಯಲ್ಲಿಯೇ ಯುರೋಪಿನ ಹಲವು ಹೆಸರಾಂತ ಆಟಗಾರರು ಅಟ್ಲಾಂಟಿಕ್ ದಾಟಿದರು. ಪೋರ್ಟ್‌ಲ್ಯಾಂಡಿನವರು ೧೯೮೬ರಲ್ಲಿಯೇ ಪೆಟ್ರೊವಿಚ್ಚನ ಹೆಸರನ್ನು ೬೦ನೆಯ ಆಯ್ಕೆಯಾಗಿ ಬರೆದಿಟ್ಟುಕೊಂಡಿದ್ದರು. ಮ್ಯಾಡ್ರಿಡ್ಡಿನ ಒಪ್ಪಂದದಿಂದ ಅವನನ್ನು ಬಿಡಿಸಿಕೊಳ್ಳಲು ಈಗ ಹಣವನ್ನೂ ತೆತ್ತರು. ಮಾರ್ಟಿನ್ ಕುಳಿತೆದ್ದ ಬೆಂಚಿಗೆ ಪೆಟ್ರೊವಿಚ್ ಹೋದನು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಟಿನ್ ಮ್ಯಾಡ್ರಿಡ್ಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡನು.

ಯುರೋಪಿನಲ್ಲಿ ಒಂದು ಪಂದ್ಯಕ್ಕೆ ೬೨ ಅಂಕ ಗಳಿಸಿದವನು ಪೋರ್ಟ್‌ಲ್ಯಾಂಡಿನಲ್ಲಿ ಮೊದಲ ವರ್ಷ ಆಡಿದ್ದು ಪಂದ್ಯಕ್ಕೆ ಸರಾಸರಿ ಹನ್ನೆರಡೂವರೆ ನಿಮಿಷ. ಅಮೆರಿಕಾದ ಪಂದ್ಯ ನಲವತ್ತೆಂಟು ನಿಮಿಷದ್ದು. ತಂಡವೇನೋ ಬಲಿಷ್ಠವಾದದ್ದು, ಆ ವರ್ಷ ಅಂತಿಮ ಸರಣಿಯವರೆಗೂ ಏರಿ ಡೆಟ್ರಾಯಿಟ್ ತಂಡದೆದುರು ಸೋತಿತು. ಆದರೆ ಅವನ ಸ್ಥಾನದಲ್ಲಿ ಕ್ಲೈಡ್ ಡ್ರೆಕ್ಸ್‌ಲರ್, ಟೆರಿ ಪೋರ್ಟರ್ ಎಂಬ ನುರಿತ ಆಟಗಾರರಿಬ್ಬರು ಮೊದಲೇ ಬೇರೂರಿದ್ದರು. ಯುರೋಪಿನವರಿಗೆ ಚೆಂಡೆಸೆಯುವುದೇನೋ ಬರುತ್ತದೆ, ಎದುರಾಳಿಯನ್ನು ತಡೆಯಲು ಬರುವುದಿಲ್ಲ, ಕಾಲುಗಳಲ್ಲಿ ವೇಗವಿಲ್ಲ ಎಂಬ ಅಭಿಪ್ರಾಯವೂ ಅಲ್ಲಿ ಬಲವಾಗಿತ್ತು. ಎರಡನೆಯ ವರ್ಷ ಇನ್ನೊಬ್ಬ ಹಳಬ ಡ್ಯಾನಿ ಏಂಜ್ ಬಂದು ಸೇರಿದ ಮೇಲೆ ಹನ್ನೆರಡು ನಿಮಿಷ ಏಳಕ್ಕೆ ಇಳಿಯಿತು. ಎಷ್ಟೋ ದಿನ ಏನೇನೂ ಇಲ್ಲ.

ಬೆಂಚು ಎಂಬುದು ಎಂಥ ಶಿಕ್ಷೆಯೆಂಬುದನ್ನು ಬಯಲಿನಲ್ಲಿ ಆಡದವರಿಗೆ ವಿವರಿಸುವುದು ಕಷ್ಟ. ಸಂಬಳ ಸಲ್ಲುತ್ತದೆ. ಮನೆಯಿದೆ, ಕಾರಿದೆ. ಊರಿನಲ್ಲಿ ಎಲ್ಲರೂ ಇವನು ಅಮೆರಿಕಾದಲ್ಲಿ ದೊಡ್ಡ ಮನುಷ್ಯನಾದನೆಂದೇ ತಿಳಿದಿದ್ದಾರೆ. ಇವನಾದರೋ ಬೆವರದ ಅಂಗಿಯನ್ನು ಕಳಚಿಟ್ಟು ಮನೆಗೆ ನಡೆಯುತ್ತಾನೆ. ನಮ್ಮ ಕಡೆಯಿಂದ ಹೊರದೇಶಕ್ಕೆ ಹೋಗಿ ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಗದೆ, ಸಿಗಲಿಲ್ಲವೆಂದು ಮನೆಗೆ ಬರೆಯಲೂ ಆಗದೆ ವರ್ಷಗಟ್ಟಲೆ ಕಳೆದವರನ್ನು ನಾನು ಬಲ್ಲೆ. ಅವರ ಕಾಗದಗಳಲ್ಲಿ ಹವಾಮಾನದ ವಿಷಯವೇ ಹೆಚ್ಚಾಗಿರುತ್ತಿತ್ತು. ಪೆಟ್ರೊವಿಚ್ಚನ ಪೋರ್ಟ್‌ಲ್ಯಾಂಡ್ ದಿನಗಳನ್ನು ಓದುವಾಗಲೆಲ್ಲ ನನಗೆ ಆ ಕಾಗದಗಳ ನೆನಪಾಗುತ್ತದೆ.

ಅವನು ಮಾಡಿದ್ದೇನು? ಷಿಬೆನಿಕ್ಕಿನಲ್ಲಿ ಮಾಡಿದ್ದನ್ನೇ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರುವನು, ಎಲ್ಲರೂ ಹೋದಮೇಲೂ ಉಳಿಯುವನು. ಪಂದ್ಯದಲ್ಲಿ ಸುರಿಸಲಾಗದ ಬೆವರನ್ನು ಪಂದ್ಯ ಮುಗಿದ ಮೇಲೆ ವ್ಯಾಯಾಮದ ಸೈಕಲ್ಲಿನ ಮೇಲೆ ಕುಳಿತು ಸುರಿಸುವನು. ಭಾರ ಎತ್ತಿ ಮೈಕಟ್ಟನ್ನು ಗಟ್ಟಿಮಾಡಿಕೊಂಡನು. ತೋಳು ಹರಡಿ ಓಡುತ್ತಿದ್ದ ಹುಡುಗನ ಗರ್ವ ಆ ಬೆಂಚಿನ ಮೇಲೆ ಕರಗಿತೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಗರ್ವವಿಲ್ಲದವನು ಆ ಬೆಂಚಿನಿಂದ ಸುಮ್ಮನೆ ಎದ್ದು ಮ್ಯಾಡ್ರಿಡ್ಡಿಗೋ ಜಾಗ್ರೆಬ್ಬಿಗೋ ಮರಳಿ ರಾಜನಂತೆ ಇರುತ್ತಿದ್ದನು. ಇವನು ಅಲ್ಲಿ ನಿಂತದ್ದೇ ಗರ್ವದಿಂದ.

ಆ ದಿನಗಳಲ್ಲಿ ಅವನಿಗಿದ್ದ ಒಂದು ದೊಡ್ಡ ಆಸರೆ ಟೆಲಿಫೋನು. ತಂತಿಯ ಆ ತುದಿಯಲ್ಲಿ, ಲಾಸ್ ಏಂಜಲೀಸಿನಲ್ಲಿ, ವ್ಲಾಡೆ ಡಿವಾಟ್ಸ್ ಇದ್ದನು. ಸರ್ಬಿಯದ ಪ್ರಿಯೆಪೋಲ್ಯೆ ಎಂಬ ಊರಿನವನು. ಪೆಟ್ರೊವಿಚ್ಚನಿಗಿಂತ ಸುಮಾರು ಮೂರೂವರೆ ವರ್ಷ ಕಿರಿಯ. ಏಳಡಿ ಎತ್ತರದ, ನಗುಮೊಗದ ಆಸಾಮಿ. ಯೂಗೋಸ್ಲಾವಿಯದ ರಾಷ್ಟ್ರೀಯ ತಂಡದಲ್ಲಿ ಇಬ್ಬರಿಗೂ ಒಂದೇ ಕೊಠಡಿ. ೧೯೮೮ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಬೆಳ್ಳಿಯನ್ನೂ ೧೯೮೯ರಲ್ಲಿ ಜಾಗ್ರೆಬ್ಬಿನಲ್ಲಿ ಯುರೋಪಿನ ಚಿನ್ನವನ್ನೂ ಒಟ್ಟಿಗೆ ಗೆದ್ದವರು. ಒಟ್ಟಿಗೇ ಅಮೆರಿಕಾಕ್ಕೆ ಬಂದವರು. ಡಿವಾಟ್ಸನಿಗೆ ಇಂಗ್ಲಿಷ್ ಬಾರದು. ಪೆಟ್ರೊವಿಚ್ಚನಿಗೆ ಆಡಲು ಅವಕಾಶ ಬಾರದು. ದಿನದಿನವೂ ಇಬ್ಬರೂ ತಮ್ಮ ಭಾಷೆಯಲ್ಲಿ ಹೊತ್ತು ಹೋಗುವವರೆಗೆ ಮಾತನಾಡುವರು. ತಾಯಿನುಡಿಯಲ್ಲಿ ಗೋಳು ಹೇಳಿಕೊಳ್ಳಲು ಒಬ್ಬನಿದ್ದರೆ ಪರದೇಶದ ಚಳಿ ಅರ್ಧದಷ್ಟು ಕಡಿಮೆಯಾಗುತ್ತದೆ.

ಆ ಸ್ನೇಹ ಒಂದು ಗಳಿಗೆಯಲ್ಲಿ ಮುರಿಯಿತು. ೧೯೯೦ರ ಆಗಸ್ಟ್ ತಿಂಗಳು, ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್. ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಯೂಗೋಸ್ಲಾವಿಯ ತಂಡ ಸೋವಿಯತ್ ತಂಡವನ್ನು ಸೋಲಿಸಿತು. ಪ್ರೇಕ್ಷಕರು ಅಂಗಳಕ್ಕೆ ನುಗ್ಗಿದರು. ಅವರಲ್ಲೊಬ್ಬನ ಕೈಯಲ್ಲಿ ಕ್ರೊಯೇಷಿಯದ ಬಾವುಟ. ಡಿವಾಟ್ಸನು ಅದನ್ನು ಅವನ ಕೈಯಿಂದ ಕಿತ್ತು ಎಸೆದನು. ಇದು ಇಡೀ ದೇಶದ ಗೆಲುವು, ಇಲ್ಲಿ ಯಾವ ಒಂದು ಪ್ರಾಂತದ ಬಾವುಟಕ್ಕೂ ಸ್ಥಳವಿಲ್ಲ, ಸರ್ಬಿಯದ ಬಾವುಟವಾಗಿದ್ದರೂ ತಾನು ಹಾಗೆಯೇ ಮಾಡುತ್ತಿದ್ದೆ ಎಂಬುದು ಅವನು ಆಮೇಲೆ ಕೊಟ್ಟ ಸಮಾಧಾನ. ಅವನ ಮಾತು ಪ್ರಾಮಾಣಿಕವಾದದ್ದೆಂದೇ ನನಗೆ ತೋರುತ್ತದೆ. ಆದರೆ ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಜಾಗ್ರೆಬ್ಬಿನಲ್ಲಿ ಅವನು ಶತ್ರುವಾದನು, ಬೆಲ್‌ಗ್ರೇಡಿನಲ್ಲಿ ವೀರನಾದನು. ಪೆಟ್ರೊವಿಚ್ ಟೆಲಿಫೋನ್ ಮಾಡುವುದನ್ನು ನಿಲ್ಲಿಸಿದನು.

ಯಾರನ್ನು ದೂರೋಣ? ೧೯೯೧ರ ಜೂನಿನಲ್ಲಿ ಸ್ಲೊವೇನಿಯವೂ ಕ್ರೊಯೇಷಿಯವೂ ಸ್ವಾತಂತ್ರ್ಯವನ್ನು ಸಾರಿದವು. ಅದೇ ವಾರ ರೋಮಿನಲ್ಲಿ ಯುರೋಪಿನ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಪೆಟ್ರೊವಿಚ್ ಅದಕ್ಕೆ ಹೋಗಿರಲಿಲ್ಲ. ಸ್ಲೊವೇನಿಯದವನಾದ ಜ್ದೊವ್ಟ್ಸ್ ಎಂಬ ಆಟಗಾರನಿಗೆ ಪಂದ್ಯಾವಳಿಯ ನಡುವೆಯೇ ತನ್ನ ಹೊಸ ಸರಕಾರದಿಂದ ಸೂಚನೆ ಬಂದು, ಅವನು ಉಪಾಂತ್ಯ ಪಂದ್ಯಕ್ಕೆ ಮುನ್ನ ತಂಡವನ್ನು ಬಿಟ್ಟು ಹೊರಡಬೇಕಾಯಿತು. ಉಳಿದವರು ಚಿನ್ನ ಗೆದ್ದರು. ಸೆಪ್ಟೆಂಬರಿನ ಹೊತ್ತಿಗೆ ಷಿಬೆನಿಕ್ಕಿನ ಮೇಲೆಯೇ ಗುಂಡು ಬೀಳುತ್ತಿತ್ತು. ಸರ್ಬ್ ತಂದೆಗೂ ಕ್ರೊಯಾಟ್ ತಾಯಿಗೂ ಹುಟ್ಟಿದ ಮಗ ಸಾವಿರಾರು ಮೈಲಿ ದೂರದಲ್ಲಿ ಕುಳಿತು ಆ ಸುದ್ದಿಯನ್ನು ಕೇಳಬೇಕಾಗಿತ್ತು. ಅವನು ಕ್ರೊಯೇಷಿಯದ ಪಕ್ಷವನ್ನು ಹಿಡಿದನು. ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಡಿವಾಟ್ಸ್ ಎದುರು ಬಂದರೆ ಕುಶಲಪ್ರಶ್ನೆಯಷ್ಟೆ, ಕೆಲವೊಮ್ಮೆ ಅದೂ ಇಲ್ಲ.

ಇಷ್ಟರಲ್ಲಿ ಅವನ ಆಟದ ಬಾಳು ತಿರುಗಿತ್ತು. ೧೯೯೧ರ ಜನವರಿ ೨೩ರಂದು ಪೋರ್ಟ್‌ಲ್ಯಾಂಡಿನವರು ಅವನನ್ನು ನ್ಯೂ ಜರ್ಸಿ ನೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟರು. ಬಲಿಷ್ಠರ ಬೆಂಚಿನಿಂದ ದುರ್ಬಲರ ಅಂಗಳಕ್ಕೆ. ಆ ವರ್ಷ ನೆಟ್ಸ್ ಗೆದ್ದದ್ದು ೨೬ ಪಂದ್ಯ, ಸೋತದ್ದು ೫೬. ಅವನಿಗೆ ಬೇಕಾಗಿದ್ದದ್ದು ಇದೇ. ಮುಂದಿನ ಋತುವಿನಲ್ಲಿ ೮೨ ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿ ಸರಾಸರಿ ೨೦.೬ ಅಂಕ ಗಳಿಸಿದನು. ಅದರ ಮರುವರ್ಷ ೨೨.೩. ದೂರದ ಗೆರೆಯಾಚೆಯಿಂದ, ಅಂದರೆ ಮೂರು ಅಂಕ ಸಲ್ಲುವಷ್ಟು ದೂರದಿಂದ, ಎಸೆದ ನೂರು ಎಸೆತಗಳಲ್ಲಿ ಸುಮಾರು ನಲವತ್ತೈದು ಬುಟ್ಟಿಗೆ ಬೀಳುತ್ತಿದ್ದವು. ಇದರ ಅರ್ಥವೇನೆಂಬುದು ತಿಳಿಯಬೇಕಾದರೆ ವಾಚಕರು ಒಮ್ಮೆ ಯಾವುದಾದರೂ ಶಾಲೆಯ ಅಂಗಳಕ್ಕೆ ಹೋಗಿ ಆ ದೂರದಲ್ಲಿ ನಿಂತು, ಯಾರೂ ಅಡ್ಡಬಾರದಿರುವಾಗಲೇ, ಹತ್ತು ಸಲ ಎಸೆದು ನೋಡಬೇಕು. ಅವನ ಮೇಲಾದರೋ ಎಸೆಯುವ ಗಳಿಗೆಯಲ್ಲಿ ಆರೂವರೆ ಅಡಿಯ ಆಳುಗಳು ಏರಿಬರುತ್ತಿದ್ದರು. ಸೋಲುವುದೇ ರೂಢಿಯಾಗಿದ್ದ ತಂಡ ಆರು ವರ್ಷಗಳ ಅನಂತರ ಪ್ಲೇಆಫ್ ಪಂದ್ಯಗಳಿಗೆ ಅರ್ಹತೆ ಪಡೆಯಿತು. ೧೯೯೩ರಲ್ಲಿ ಇಡೀ ಎನ್‌ಬಿಎಯ ಶ್ರೇಷ್ಠ ಆಟಗಾರರನ್ನು ಐದೈದು ಮಂದಿಯ ಮೂರು ತಂಡಗಳಾಗಿ ಹೆಸರಿಸಿದಾಗ ಮೂರನೆಯದರಲ್ಲಿ ಅವನ ಹೆಸರಿತ್ತು. ಅದೇ ವರ್ಷದ ತಾರಾ ಆಟಗಾರರ ಪಂದ್ಯಕ್ಕೆ ಮಾತ್ರ ಅವನಿಗೆ ಕರೆ ಬರಲಿಲ್ಲ. ತಾನು ಪರದೇಶದವನಾದುದೇ ಅದಕ್ಕೆ ಕಾರಣವೆಂದು ಅವನು ನೊಂದುಕೊಂಡನಂತೆ.

ನಡುವೆ ಬಾರ್ಸಿಲೋನಾ. ೧೯೯೨ರ ಒಲಿಂಪಿಕ್ಸಿನಲ್ಲಿ ಕ್ರೊಯೇಷಿಯ ಸ್ವತಂತ್ರ ರಾಷ್ಟ್ರವಾಗಿ ಮೊದಲ ಬಾರಿಗೆ ಬೇಸಗೆಯ ಕ್ರೀಡೆಗಳ ಕಣಕ್ಕಿಳಿಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಅದರ ಮುಂದಾಳು ಪೆಟ್ರೊವಿಚ್. ಜೊತೆಗೆ ಟೋನಿ ಕೂಕೊಚ್, ಡೀನೊ ರಾಜಾ, ಸ್ಟೊಯ್ಕೊ ವ್ರಾಂಕೊವಿಚ್. ಉಪಾಂತ್ಯದಲ್ಲಿ ಹಳೆಯ ಸೋವಿಯತ್ ಒಕ್ಕೂಟದ ಸಂಯುಕ್ತ ತಂಡವನ್ನು ಒಂದೇ ಅಂಕದಿಂದ ಸೋಲಿಸಿದರು, ೭೫–೭೪. ಕಡೆಯ ಕ್ಷಣಗಳಲ್ಲಿ ಫ್ರೀ ಥ್ರೋ ಗೆರೆಯ ಮೇಲೆ ನಿಂತವನು ಮತ್ತೆ ಪೆಟ್ರೊವಿಚ್ಚನೇ. ಈ ಸಲ ಯಾರೂ ರದ್ದು ಮಾಡಲಿಲ್ಲ. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್ ಮೊದಲಾದವರಿದ್ದ ಅಮೆರಿಕಾದ ತಂಡ. ಮ್ಯೂನಿಕ್ಕಿನ ಆ ನಿರ್ಣಯವಿಲ್ಲದಿದ್ದರೆ ಅವರು ಅಲ್ಲಿಗೆ ಬರುತ್ತಿರಲಿಲ್ಲ. ಗೆಲ್ಲುವೆವೆಂದು ಕ್ರೊಯೇಷಿಯದವರಲ್ಲಿಯೂ ಯಾರೂ ನಂಬಿರಲಿಲ್ಲ. ಆದರೂ ಮೊದಲರ್ಧದಲ್ಲಿ ಒಂದು ಗಳಿಗೆ ಫಲಕದ ಮೇಲೆ ೨೫–೨೩ ಎಂದಿತ್ತು, ೨೫ ಕ್ರೊಯೇಷಿಯದ್ದು. ಕಡೆಗೆ ೧೧೭–೮೫. ಪೆಟ್ರೊವಿಚ್ಚನ ಪಾಲು ೨೪. ಎದೆಯ ಮೇಲೆ ಬೆಳ್ಳಿಪದಕ ಧರಿಸಿ ನಿಂತಾಗ ಅವನ ಊರಿನ ಸುತ್ತಮುತ್ತ ಯುದ್ಧ ಇನ್ನೂ ತಣಿದಿರಲಿಲ್ಲ.

೧೯೯೩ರ ಬೇಸಗೆಯಲ್ಲಿ ನ್ಯೂ ಜರ್ಸಿಯ ಒಪ್ಪಂದ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಅವನು ಸಹಿ ಹಾಕಿರಲಿಲ್ಲ. ಯುರೋಪಿಗೆ ಮರಳುವ ಯೋಚನೆಯೂ ಅವನಿಗಿತ್ತೆನ್ನುತ್ತಾರೆ. ಕ್ರೊಯೇಷಿಯದ ಪರವಾಗಿ ಪೋಲೆಂಡಿನಲ್ಲಿ ಅರ್ಹತಾ ಪಂದ್ಯಗಳನ್ನು ಆಡಿ ತಂಡದೊಡನೆ ಹಿಂತಿರುಗುತ್ತಿದ್ದನು. ವಿಮಾನ ಫ್ರಾಂಕ್‌ಫರ್ಟಿನಲ್ಲಿ ಇಳಿಯಿತು. ಅಲ್ಲಿಂದ ಮುಂದಕ್ಕೆ ಉಳಿದವರು ಜಾಗ್ರೆಬ್ಬಿನ ವಿಮಾನ ಹತ್ತಿದರು. ಪೆಟ್ರೊವಿಚ್ ಗೆಳತಿಯ ಕಾರಿನಲ್ಲಿ ಹೊರಟನು. ಜೂನ್ ೭ನೆಯ ತಾರೀಖು, ಸಂಜೆ ಐದು ದಾಟಿದ ಹೊತ್ತು. ಬವೇರಿಯ ಪ್ರಾಂತದ ಇಂಗೊಲ್‌ಷ್ಟಾಟ್ ಬಳಿ, ಡೆಂಕೆನ್‌ಡಾರ್ಫ್ ಎಂಬ ಊರಿನ ಹತ್ತಿರ, ಮಳೆ ಸುರಿಯುತ್ತಿತ್ತು. ಹೆದ್ದಾರಿಯ ಆಚೆ ಬದಿಯಲ್ಲಿ ಬರುತ್ತಿದ್ದ ಲಾರಿಯೊಂದು ಹತೋಟಿ ತಪ್ಪಿ, ನಡುವಣ ತಡೆಯನ್ನು ಮುರಿದು, ಈ ಬದಿಗೆ ಬಂದು ಅಡ್ಡಲಾಗಿ ನಿಂತಿತು. ಕಾರು ಅದಕ್ಕೆ ಬಡಿಯಿತು. ಪೆಟ್ರೊವಿಚ್ ಮುಂದಿನ ಆಸನದಲ್ಲಿ ನಿದ್ದೆಹೋಗಿದ್ದನು. ಕಾರಿನಲ್ಲಿದ್ದ ಮಿಕ್ಕ ಇಬ್ಬರು ಗಾಯಗೊಂಡು ಉಳಿದುಕೊಂಡರು.

ಇಪ್ಪತ್ತೆಂಟು ವರ್ಷ. ಹಳೆಯ ಕಟ್ಟಳೆಯನ್ನೇ ಪಾಲಿಸಿದ್ದರೆ ಅವನು ಅದೇ ತಾನೆ ಹೊರದೇಶಕ್ಕೆ ಹೊರಡಬೇಕಾಗಿದ್ದ ವಯಸ್ಸು.

ಜಾಗ್ರೆಬ್ಬಿನ ಮಿರೊಗೊಯ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಯುದ್ಧದಲ್ಲಿ ದಿನದಿನವೂ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ದೇಶ ಆ ದಿನ ಒಬ್ಬ ಆಟಗಾರನಿಗಾಗಿ ಬೀದಿಯಲ್ಲಿ ನಿಂತು ಅತ್ತಿತು. ಡಿವಾಟ್ಸ್ ಆ ಅಂತ್ಯಸಂಸ್ಕಾರಕ್ಕೆ ಬರಲಾಗಲಿಲ್ಲ. ಆಗ ಅವನು ಜಾಗ್ರೆಬ್ಬಿಗೆ ಬರುವಂತಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ನ್ಯೂ ಜರ್ಸಿಯವರು ಅವನ ೩ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡಬಾರದೆಂದು ತೀರ್ಮಾನಿಸಿ ಮಾಡಿಗೆ ಏರಿಸಿದರು. ಸಿಬೋನಾದ ಆಟದ ಮನೆಗೆ ಅವನ ಹೆಸರಿಟ್ಟರು. ೧೯೯೫ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದ ಒಲಿಂಪಿಕ್ ವಸ್ತುಸಂಗ್ರಹಾಲಯದೆದುರು ಅವನ ಪ್ರತಿಮೆಯನ್ನು ನಿಲ್ಲಿಸಿದರು. ೨೦೦೨ರಲ್ಲಿ ಅಮೆರಿಕಾದವರು ಬ್ಯಾಸ್ಕೆಟ್‌ಬಾಲಿನ ಕೀರ್ತಿಭವನದಲ್ಲಿ ಅವನ ಹೆಸರನ್ನು ಸೇರಿಸಿದರು. ತಾರಾ ಪಂದ್ಯಕ್ಕೆ ಒಮ್ಮೆಯೂ ಕರೆಯದೆ ಹೋದವನನ್ನು ಅಲ್ಲಿಗೆ ಕರೆಯಲು ಒಂಬತ್ತು ವರ್ಷ ಹಿಡಿಯಿತು. ಷಿಬೆನಿಕ್ಕಿನಲ್ಲಿಯೂ ಒಂದು ಪ್ರತಿಮೆಯಿದೆ. ಅದು ದೊಡ್ಡ ಆಟಗಾರನದಲ್ಲ, ಚೆಂಡು ಹಿಡಿದು ಕುಳಿತ ಹುಡುಗನದು. ಚಿತ್ರದಲ್ಲಿ ಮಾತ್ರ ನೋಡಿರುವ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ.

ಡಿವಾಟ್ಸ್ ಅಮೆರಿಕಾದಲ್ಲಿ ಬಹುಕಾಲ ಆಡಿ, ಕೀರ್ತಿಯನ್ನೂ ಹಣವನ್ನೂ ಗಳಿಸಿ, ೨೦೦೫ರಲ್ಲಿ ನಿವೃತ್ತನಾದನು. ಮುರಿದ ಸ್ನೇಹ ಅವನ ಮನಸ್ಸಿನಿಂದ ಹೋಗಲಿಲ್ಲ. ೨೦೧೦ರಲ್ಲಿ ಈ ಇಬ್ಬರ ಕಥೆಯನ್ನು ಕುರಿತು ಒಂದು ಸಾಕ್ಷ್ಯಚಿತ್ರ ತಯಾರಾಯಿತು. ಅದಕ್ಕಾಗಿ ಅವನು ಸುಮಾರು ಇಪ್ಪತ್ತು ವರ್ಷಗಳ ಅನಂತರ ಮೊದಲ ಬಾರಿಗೆ ಜಾಗ್ರೆಬ್ಬಿನ ಬೀದಿಗಳಲ್ಲಿ ನಡೆದನು. ದಾರಿಹೋಕರು ನಿಂತು ನೋಡಿದರು. ಯಾರೋ ಒಬ್ಬಿಬ್ಬರು ಬೈದರು. ಪೆಟ್ರೊವಿಚ್ಚನ ಮನೆಯವರು ಬಾಗಿಲು ತೆರೆದರು. ಮಗನ ಗೆಳೆಯನನ್ನು ತಾಯಿ ಬಿಸೆರ್ಕಾ ಒಳಗೆ ಕರೆದು ಕೂರಿಸಿಕೊಂಡರು. ಅಣ್ಣ ಅಲೆಕ್ಸಾಂಡರನೂ ಇದ್ದನು. ಆ ಮೇಲೆ ಡಿವಾಟ್ಸ್ ಮಿರೊಗೊಯ್ ಗುಡ್ಡವನ್ನೇರಿ ಹೋದನು. ತಾವಿಬ್ಬರೂ ಒಟ್ಟಿಗಿದ್ದ ಹಳೆಯ ಫೋಟೋ ಒಂದನ್ನು ತಂದಿದ್ದನು. ಅದನ್ನು ಸಮಾಧಿಯ ಕಲ್ಲಿಗೆ ಒರಗಿಸಿಟ್ಟು ಸ್ವಲ್ಪ ಹ��ತ್ತು ನಿಂತು, ಇಳಿದು ಬಂದನು.